ಎಷ್ಟನೇ ಸೂಲು?

ದನದ ಜಾತ್ರೆಯಲ್ಲಿ ಹಸು ಕೊಳ್ಳಲು ಬಂದವನು ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಕೆಚ್ಚಲು ಮುಟ್ಟುತ್ತಾನೆ, ಕೊನೆಗೆ ಕೇಳುತ್ತಾನೆ: ‘ಎಷ್ಟನೇ ಸೂಲು?’ ಮಾರುವವನು ‘ಎರಡನೇದು’ ಎನ್ನುತ್ತಾನೆ. ಒಂದು ಸೂಲು ಕಡಿಮೆ ಮಾಡಿಯೇ ಹೇಳಿರುತ್ತಾನೆ ಎಂಬುದು ಕೇಳಿದವನಿಗೂ ಗೊತ್ತು. ಹಾಲಿನ ಲೆಕ್ಕ, ಬೆಲೆಯ ಲೆಕ್ಕ, ಹಸುವಿನ ಉಳಿದ ಆಯಸ್ಸಿನ ಲೆಕ್ಕ ಎಲ್ಲವೂ ಆ ಒಂದು ಪದದ ಮೇಲೆ ನಿಂತಿರುತ್ತವೆ. ಕೊಟ್ಟಿಗೆಯಲ್ಲಿ ಇಷ್ಟು ಗಟ್ಟಿಯಾಗಿ ಬದುಕಿರುವ ಈ ‘ಸೂಲು’ ಮನೆಯೊಳಗಿನ ಮಾತಿನಿಂದ ಮಾತ್ರ ಯಾವಾಗಲೋ ಹೊರಬಿದ್ದಿದೆ. ಹೆಂಗಸರಿಗೆ ಈಗ ಹೆರಿಗೆ, ಪ್ರಸವ, ಹೆಚ್ಚಾಗಿ ‘ಡೆಲಿವರಿ’. ಸೊಸೆಗೆ ಇದು ಎಷ್ಟನೇ ಸೂಲು ಎಂದು ಪೇಟೆಯ ಮನೆಯಲ್ಲಿ ಕೇಳಿ ನೋಡಿ, ಕಾಫಿ ಸಿಗುವುದು ಅನುಮಾನ.

ಆದರೆ ಒಂದು ಕಾಲಕ್ಕೆ ಅದು ಹೆಂಗಸಿನ ಪದವೇ ಆಗಿತ್ತು. ಅದಕ್ಕೆ ಸಾಕ್ಷಿಯಾಗಿ ಉಳಿದಿರುವವಳು ಸೂಲಗಿತ್ತಿ.

ಹಳಗನ್ನಡದ ‘ಸೂಲ್’ ಎಂದರೆ ಬಸಿರೂ ಹೌದು, ಹೆರುವುದೂ ಹೌದು. ತಮಿಳು, ಮಲಯಾಳಗಳಲ್ಲಿ ಸೂಲ್, ತೆಲುಗಿನಲ್ಲಿ ಚೂಲು. ತಮಿಳಿನ ಹಳೆಯ ಕವಿಗಳು ನೀರು ತುಂಬಿ ಭಾರವಾದ ಮಳೆಮೋಡಕ್ಕೂ ಇದೇ ಪದ ಬಳಸಿದರು. ಮೋಡವೂ ಬಸಿರಿ, ಮಳೆಯೂ ಒಂದು ಹೆರಿಗೆ. ಇಲ್ಲಿ ಒಂದು ಗುಂಡಿ ಇದೆ, ಎಚ್ಚರ ಬೇಕು. ಪ್ರಸೂತಿ, ಸೂತಿಕೆ, ಸೂತಕ ಎಂಬ ಸಂಸ್ಕೃತ ಪದಗಳು ‘ಸೂ’ ಎಂಬ ಧಾತುವಿನಿಂದ ಬಂದವು. ಅದಕ್ಕೂ ಹೆರುವುದೆಂದೇ ಅರ್ಥ. ಸದ್ದು ಒಂದು, ಅರ್ಥ ಒಂದು, ಹಾಗಾದರೆ ನಮ್ಮ ಸೂಲ್ ಸಂಸ್ಕೃತದ ಸಾಲ ಎಂದು ಹೇಳಿಬಿಡುವುದು ಸುಲಭ. ಆದರೆ ಪದಗಳಲ್ಲಿ ಮುಖದ ಹೋಲಿಕೆ ರಕ್ತಸಂಬಂಧವಲ್ಲ. ಬರೋ ಮತ್ತು ಎಮೆನೋ ತಮ್ಮ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ ಸೂಲನ್ನು ದಕ್ಷಿಣದ ಮನೆಮಗಳಾಗಿಯೇ ಇಟ್ಟಿದ್ದಾರೆ. ಇಬ್ಬರು ಹೆಂಗಸರು ಬೇರೆ ಬೇರೆ ಊರಿಂದ ಬಂದು ಒಂದೇ ಮನೆಯ ಬಾಣಂತನಕ್ಕೆ ನಿಂತ ಹಾಗೆ ಸೂಲೂ ಸೂತಿಯೂ ಕನ್ನಡದಲ್ಲಿ ಜೊತೆಯಾಗಿ ಬದುಕಿದವು. ಆಮೇಲೆ ಆದದ್ದು ನಮ್ಮ ಭಾಷೆಯಲ್ಲಿ ಎಂದಿನಂತೆ ಆಗುವುದೇ: ಸಂಸ್ಕೃತದ ‘ಪ್ರಸೂತಿ’ ಆಸ್ಪತ್ರೆಯ ಬೋರ್ಡು ಸೇರಿತು, ಕನ್ನಡದ ‘ಸೂಲು’ ಕೊಟ್ಟಿಗೆ ಸೇರಿತು.

ಇನ್ನು ‘ಗಿತ್ತಿ’. ಒಕ್ಕಲಿಗನ ಹೆಂಡತಿ ಒಕ್ಕಲಗಿತ್ತಿ, ಹೂವಾಡಿಗನ ಜೊತೆ ಹೂವಾಡಗಿತ್ತಿ, ಮದುವಣಿಗನ ಪಕ್ಕದಲ್ಲಿ ಮದುವಣಗಿತ್ತಿ. ಗಂಡಿನ ‘ಇಗ’ಕ್ಕೆ ‘ಇತ್ತಿ’ ಸೇರಿ ಹೆಣ್ಣಿನ ‘ಗಿತ್ತಿ’ ಆಯಿತು. ವ್ಯಾಕರಣದ ಪಾಠದಲ್ಲಿ ಇವೆಲ್ಲ ಜೋಡಿ ಜೋಡಿಯಾಗಿ ಬರುತ್ತವೆ, ಗಂಡು ಮೊದಲು, ಹೆಣ್ಣು ಆಮೇಲೆ. ಸೂಲಗಿತ್ತಿಯ ಜೋಡಿ ಯಾರು? ಸೂಲಿಗ ಎಂಬವನನ್ನು ಯಾರೂ ಕಂಡವರಿಲ್ಲ. ಗಂಡುರೂಪದಿಂದ ಹುಟ್ಟದೆ ನೇರವಾಗಿ ಕಸುಬಿನಿಂದಲೇ ಹುಟ್ಟಿದ ಹೆಣ್ಣುಪದ ಇದು. ಈಗ ಆ ಕೆಲಸಕ್ಕೆ ‘ಪ್ರಸೂತಿ ತಜ್ಞ’ ಇದ್ದಾನೆ; ಹೆಂಗಸಾದರೆ ‘ತಜ್ಞೆ’ ಎಂದು ಒಂದು ಮಾತ್ರೆ ಸೇರಿಸಿ ತಿದ್ದುತ್ತೇವೆ. ಲೆಕ್ಕ ತಿರುವುಮುರುವಾಗಿದೆ, ಗಮನಿಸಿದಿರಾ?

ದಾದಿಯೂ ನಮ್ಮಲ್ಲಿದ್ದಳು. ಸಂಸ್ಕೃತದ ಧಾತ್ರಿಯೇ ಕನ್ನಡದ ಬಾಯಲ್ಲಿ ಸವೆದು ದಾದಿಯಾದಳು. ಉತ್ತರದಲ್ಲಿ ಅವಳೇ ದಾಯಿ. ಧಾತ್ರಿಯ ಕೆಲಸ ಹಾಲೂಡುವುದು, ಮಗುವನ್ನು ಸಾಕುವುದು. ಅರಮನೆಯ, ಸಿರಿವಂತರ ಮನೆಯ ಪದ. ಉತ್ತರದಲ್ಲಿ ದಾಯಿ ಹೆರಿಗೆ ಮಾಡಿಸುವವಳೂ ಆದಳು. ನಮ್ಮಲ್ಲಿ ದಾದಿ ಬಿಳಿ ಸಮವಸ್ತ್ರ ತೊಟ್ಟು ಆಸ್ಪತ್ರೆ ಸೇರಿದಳು, ಸೂಲಗಿತ್ತಿ ಬಾಗಿಲ ಹೊರಗೆ ಉಳಿದಳು.

ಕನ್ನಡದಲ್ಲಿ ವೈದ್ಯದ ಪುಸ್ತಕಗಳಿಗೆ ಬರವಿರಲಿಲ್ಲ. 12ನೇ ಶತಮಾನದಲ್ಲಿ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ. 14ನೇ ಶತಮಾನದ ಮಂಗರಾಜ ವಿಷವೈದ್ಯಕ್ಕೆಂದೇ ‘ಖಗೇಂದ್ರಮಣಿದರ್ಪಣ’ ಬರೆದ. ಕುದುರೆಗೂ ಶಾಸ್ತ್ರವಿತ್ತು. ಈಯುವ ಹಸುವಿಗೆ ಗ್ರಂಥ ಸಿಕ್ಕಿತು. ಹೆರುವ ಹೆಂಗಸಿನ ಬಳಿ ಕೂತವಳ ತಿಳಿವಳಿಕೆ ಮಾತ್ರ ಅಜ್ಜಿಯಿಂದ ಮೊಮ್ಮಗಳಿಗೆ, ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ಸಾಗಿತು. ಓಲೆಗರಿ ಗಂಡಸಿನ ಕೈಯಲ್ಲಿತ್ತು, ಆ ಕೋಣೆಗೆ ಗಂಡಸಿಗೆ ಪ್ರವೇಶವಿರಲಿಲ್ಲ. ಅಷ್ಟೇ ಕಾರಣ.

ಕೋಣೆಯ ಹೊರಗಿನಿಂದಲೇ ಬರೆದ ಶಾಸ್ತ್ರಕಾರರು ಕೂಡ ಒಂದು ವಿಷಯ ಸರಿಯಾಗಿ ಕಂಡಿದ್ದರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಹೆರಿಗೆಯ ಹೊತ್ತಿಗೆ ನಾಲ್ವರು ಹೆಂಗಸರು ಇರಬೇಕೆಂದಿದೆ: ಬಸಿರಿ ನಂಬುವಂಥವರು, ವಯಸ್ಸು ಮಾಗಿದವರು, ಹೆರಿಗೆ ಮಾಡಿಸುವುದರಲ್ಲಿ ಕುಶಲರು, ಉಗುರು ಕತ್ತರಿಸಿಕೊಂಡವರು. ಈ ಅರ್ಹತೆಗಳ ಪಟ್ಟಿಯನ್ನು ಇಂದಿನ ನೇಮಕಾತಿ ಅಧಿಸೂಚನೆಗಳ ಪಕ್ಕದಲ್ಲಿಟ್ಟು ಓದಬೇಕು. ನಂಬಿಕೆ ಮೊದಲು, ಅನುಭವ ಆಮೇಲೆ, ಕೌಶಲ ಮೂರನೆಯದು, ಜೊತೆಗೆ ಉಗುರು. ಉಗುರಿನ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ‘ಕುಶಲ’ ಎಂಬ ಪದಕ್ಕೂ ಒಂದು ಕಥೆಯಿದೆ. ದರ್ಭೆ ಹುಲ್ಲನ್ನು, ಅಂದರೆ ಕುಶವನ್ನು, ಕೈ ಕೊಯ್ದುಕೊಳ್ಳದೆ ಕೊಯ್ದು ತರುವವನು ಕುಶಲ ಎಂದು ಪಂಡಿತರು ಬಿಡಿಸಿ ಹೇಳುತ್ತಾರೆ. ಅಲಂಕಾರಶಾಸ್ತ್ರದಲ್ಲಿ ಮಮ್ಮಟ ಲಕ್ಷಣೆಗೆ ಇದನ್ನೇ ಉದಾಹರಣೆಯಾಗಿ ಹಿಡಿದ: ಮೂಲದ ಅರ್ಥ ಹುಲ್ಲು ಕೊಯ್ಯುವುದು, ಬಳಕೆಯ ಅರ್ಥ ನಿಪುಣತೆ. ಸಂಸ್ಕೃತದಲ್ಲೇ ಅದಕ್ಕೆ ಇನ್ನೊಂದು ಬಾಗಿಲೂ ಇತ್ತು, ಕನ್ನಡಿಗರು ಅದರಲ್ಲೇ ಹೆಚ್ಚು ಓಡಾಡಿದರು. ನಮಗೆ ‘ಕುಶಲವೇ?’ ಎಂದರೆ ‘ಆರೋಗ್ಯವಾಗಿದ್ದೀರಾ?’ ಎಂದು. ಮಾಡುವವನ ಜಾಣ್ಮೆ, ಮಾಡಿಸಿಕೊಂಡವನ ಕ್ಷೇಮ ಎರಡಕ್ಕೂ ಒಂದೇ ಪದ. ಬಿದಿರಿನ ಸೀಳಿನಿಂದಲೋ ಕುಡುಗೋಲಿನಿಂದಲೋ ಹೊಕ್ಕುಳಬಳ್ಳಿ ಕತ್ತರಿಸುತ್ತಿದ್ದ ಹೆಂಗಸಿಗೆ ಇದಕ್ಕಿಂತ ಒಪ್ಪುವ ಬಿರುದು ಬೇರೆ ಇಲ್ಲ. ಬಿರುದು ಅವಳಿಗೆ ದಕ್ಕಲಿಲ್ಲ.

ಅವಳು ಯಾವ ಕೇರಿಯವಳು ಎಂದು ಕೇಳದೆ ಈ ಪದದ ಚರಿತ್ರೆ ಮುಗಿಯುವುದಿಲ್ಲ. ಹಲವು ಸೀಮೆಗಳಲ್ಲಿ ಸೂಲಗಿತ್ತಿ ಕ್ಷೌರಿಕ ಸಮುದಾಯದವಳು ಅಥವಾ ದಲಿತ ಕೇರಿಯವಳು. ಮಾಸು, ರಕ್ತ, ಸೂತಕ ಇವೆಲ್ಲ ಮೈಲಿಗೆ; ಆದ್ದರಿಂದ ಆ ಕೆಲಸ ಮೈಲಿಗೆ ಹೊರಿಸಲ್ಪಟ್ಟವರದು. ವರ್ಷವಿಡೀ ಹೊಸ್ತಿಲು ದಾಟದವಳನ್ನು ಬೇನೆ ಬಂದ ರಾತ್ರಿ ಲಾಟೀನು ಹಿಡಿದು ಕರೆತರುತ್ತಿದ್ದರು. ಒಳಗಿನ ಕೋಣೆಯಲ್ಲಿ ಅವಳು ಹೇಳಿದ್ದೇ ಕಾನೂನು: ನೀರು ಕಾಯಿಸು, ಬಾಗಿಲು ಮುಚ್ಚು, ನೀನು ಹೊರಗೆ ನಡಿ. ಹನ್ನೊಂದನೆಯ ದಿನ ನೀರೆರೆದು ಸೂತಕ ಕಳೆದ ಮೇಲೆ ಅವಳಿಗೆ ಮೊರದಲ್ಲಿ ಅಕ್ಕಿ, ಒಂದು ಕುಪ್ಪಸದ ಕಣ, ಎಲೆಯಡಿಕೆ. ಆಮೇಲೆ ಮತ್ತೆ ಹೊಸ್ತಿಲ ಆಚೆ. ಸೂಲಗಿತ್ತಿಯನ್ನು ಹಾಡಿ ಹೊಗಳುವ ಬರಹಗಳಲ್ಲಿ ಈ ಆಚೆ–ಈಚೆಯ ಮಾತು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಅವಳ ಮೇಲೆ ಊರಿಗಿದ್ದ ನಂಬಿಕೆ ನಿಜ, ಅವಳಿಗೆ ಊರು ಕೊಟ್ಟ ಜಾಗವೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಲ್ಲ.

ಸರ್ಕಾರದ ಕಣ್ಣು ಅವಳ ಮೇಲೆ ಬಿದ್ದದ್ದು ಬ್ರಿಟಿಷರ ಕಾಲದಲ್ಲಿ. 1885ರಲ್ಲಿ ಲೇಡಿ ಡಫರಿನ್ ನಿಧಿ ಹುಟ್ಟಿತು, ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಕೊಡಿಸಲು. 1903ರಲ್ಲಿ ಲೇಡಿ ಕರ್ಜನ್, ವಿಕ್ಟೋರಿಯಾ ರಾಣಿಯ ನೆನಪಿನ ನಿಧಿಯೊಂದನ್ನು ಕಟ್ಟಿದಳು. ಅದರ ಉದ್ದೇಶವೇ ದಾಯಿಗಳಿಗೆ ತರಬೇತಿ. ಆ ಕಾಲದ ವರದಿಗಳಲ್ಲಿ ದಾಯಿ ಎಂದರೆ ಕೊಳಕು ಕೈ, ಕೊಳಕು ಬಟ್ಟೆ, ಮೂಢತನ. ಪೂರ್ತಿ ಸುಳ್ಳಲ್ಲ. ಕಿಲುಬು ಹಿಡಿದ ಕುಡುಗೋಲಿನಿಂದ ಮಗುವಿಗೆ ಧನುರ್ವಾಯು ಬರುತ್ತಿತ್ತು, ಹೊಕ್ಕುಳಿಗೆ ಸಗಣಿ ಬೂದಿ ಮೆತ್ತುವುದೂ ಇತ್ತು. ಆದರೆ ಕೊಳಕು ಕೈ ಯಾರದೆಂದು ಬೊಟ್ಟು ಮಾಡುವ ಮೊದಲು ಒಮ್ಮೆ ವಿಯೆನ್ನಾಕ್ಕೆ ಹೋಗಿಬರಬೇಕು.

ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವಿದ್ಯಾರ್ಥಿಗಳ ವಾರ್ಡಿನಲ್ಲಿ ನೂರಕ್ಕೆ ಸುಮಾರು 11 ಬಾಣಂತಿಯರು ಸತ್ತರು, ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ 3ಕ್ಕಿಂತ ಕಡಿಮೆ. ಊರ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲನೇ ವಾರ್ಡಿಗೆ ಹಾಕಬೇಡಿ ಎಂದು ಕಾಲು ಹಿಡಿಯುತ್ತಿದ್ದರು. ಗೊತ್ತಿಲ್ಲದಿದ್ದದ್ದು ಡಾಕ್ಟರುಗಳಿಗೆ. ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ ಕಾರಣ ಹಿಡಿದ: ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ, ಸಾವು ಇಳಿಯಿತು. ವೈದ್ಯಲೋಕ ಅವನನ್ನು ಒಪ್ಪಲು ಬಹಳ ಕಾಲ ಹಿಡಿಯಿತು. ಸುಶ್ರುತನ ಉಗುರಿನ ಮಾತು ಅಲ್ಲಿ ಯಾರಿಗಾದರೂ ತಲುಪಿದ್ದರೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ನಮ್ಮಲ್ಲಿ ಅದು ಎಷ್ಟು ಜನರಿಗೆ ತಲುಪಿತ್ತು ಎಂಬುದು ಬೇರೆ ಪ್ರಶ್ನೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯ ವರದಿ ಬಂತು. ನಾಡಿಗೆ ಬೇಕಾದ್ದು ‘ಸಾಮಾಜಿಕ ವೈದ್ಯ’ ಎಂದು ಅದು ಹೇಳಿತು. ವೈದ್ಯಶಿಕ್ಷಣದಲ್ಲಿ ಮೂರು ತಿಂಗಳು ಸಮಾಜ ಮತ್ತು ರೋಗತಡೆಯ ಪಾಠವಿರಲಿ ಎಂದಿತು. 1970ರ ದಶಕದ ಕೊನೆಗೆ ಊರಿಗೊಬ್ಬ ದಾಯಿಗೆ ತರಬೇತಿ ಕೊಡುವ ಯೋಜನೆ ದೇಶಕ್ಕೆಲ್ಲ ಹಬ್ಬಿತು. ಸುಮಾರು ಒಂದು ತಿಂಗಳ ಕಲಿಕೆ, ಕೊನೆಗೊಂದು ಪೆಟ್ಟಿಗೆ: ಬ್ಲೇಡು, ದಾರ, ಸೋಪು. ‘ಐದು ಶುಚಿ’ ಎಂಬುದು ಪಾಠದ ಸಾರ. ಕೈ ಶುಚಿ, ಮಲಗುವ ಜಾಗ ಶುಚಿ, ಬ್ಲೇಡು ಶುಚಿ, ಕಟ್ಟುವ ದಾರ ಶುಚಿ, ಹೊಕ್ಕುಳು ಶುಚಿ. 1978ರಲ್ಲಿ ಸೋವಿಯತ್ ಒಕ್ಕೂಟದ ಅಲ್ಮಾ ಆಟಾದಲ್ಲಿ ಲೋಕದ ಬಹುಪಾಲು ಸರ್ಕಾರಗಳು ಸೇರಿ ಎಲ್ಲರಿಗೂ ಆರೋಗ್ಯ ಎಂದಾಗ, ಅಗತ್ಯವಿದ್ದ ಕಡೆ ನಾಟಿ ವೈದ್ಯರನ್ನೂ ಸೇರಿಸಿಕೊಳ್ಳಿ, ಅವರಿಗೆ ಸಾಮಾಜಿಕವಾಗಿಯೂ ತಾಂತ್ರಿಕವಾಗಿಯೂ ತರಬೇತಿ ಕೊಡಿ ಎಂಬ ಮಾತು ಘೋಷಣೆಯಲ್ಲಿ ಸೇರಿತು. ಎರಡರಲ್ಲಿ ‘ಸಾಮಾಜಿಕ’ ಮೊದಲು ಬಂದಿದೆ. ಆ ಪದದ ಮೇಲೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ತರಬೇತಿ ಎಂದರೆ ಮೇಲಿನವರು ಹೇಳುವುದು, ಕೆಳಗೆ ಚಾಪೆಯ ಮೇಲೆ ಕೂತವರು ತಲೆಯಾಡಿಸುವುದು ಎಂಬುದೇ ಪದ್ಧತಿಯಾಯಿತು. ಸಾವಿರ ಹೆರಿಗೆ ಮಾಡಿಸಿದವಳಿಗೆ ಎರಡು ಹೆರಿಗೆ ಕಂಡವರು ಪಾಠ ಹೇಳಿದರು. ‘ನೀನೇನು ಮಾಡ್ತಿದ್ದೆ, ಹೇಳು’ ಎಂದು ಕೇಳಿದವರು ವಿರಳ.

ಗಾಳಿ ಬದಲಾಯಿತು. ಹೆರಿಗೆಯಲ್ಲಿ ಸಾಯುವವರು ಸಾಯುವುದು ಹೆಚ್ಚಾಗಿ ರಕ್ತಸ್ರಾವದಿಂದ, ನಂಜಿನಿಂದ, ರಕ್ತದೊತ್ತಡ ಏರಿ ಬರುವ ಫಿಟ್ಸ್‌ನಿಂದ. ಇವಕ್ಕೆ ಸೋಪು ದಾರ ಸಾಲದು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಬೇಕು, ಮೆಗ್ನೀಸಿಯಂ ಸಲ್ಫೇಟ್ ಬೇಕು, ರಕ್ತ ಬೇಕು, ಒಮ್ಮೊಮ್ಮೆ ಆಪರೇಷನ್ ಬೇಕು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಸೂಲಗಿತ್ತಿಯರ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟಗಳ ಜೊತೆ ಕೂಡಿ, ‘ಕುಶಲ’ ಹೆರಿಗೆ ಸಹಾಯಕಿ ಯಾರೆಂದು ಲಕ್ಷಣ ಹೇಳಿತು. ಓದಿ, ಪರೀಕ್ಷೆ ಬರೆದು, ನೋಂದಣಿಯಾದ ಮಿಡ್‌ವೈಫ್, ನರ್ಸ್, ಡಾಕ್ಟರ್ ಕುಶಲರು. ಪರಂಪರೆಯ ಸೂಲಗಿತ್ತಿ, ತರಬೇತಿ ಪಡೆದಿರಲಿ ಬಿಡಲಿ, ಆ ಪಟ್ಟಿಯಲ್ಲಿಲ್ಲ. ಸುಶ್ರುತ ಕೊಟ್ಟ ವಿಶೇಷಣವನ್ನು ಅಲ್ಲಿ ವಾಪಸು ಪಡೆದ ಹಾಗಾಯಿತು. 2005ರಲ್ಲಿ ಆಶಾ ಕಾರ್ಯಕರ್ತೆ ಬಂದಳು. ಅವಳಾಗಲು ಆಗ 8ನೇ ತರಗತಿ ಓದಿರಬೇಕಿತ್ತು. ಸೂಲಗಿತ್ತಿಯರಲ್ಲಿ ಹೆಚ್ಚಿನವರು ಶಾಲೆಯ ಜಗಲಿ ಹತ್ತಿದವರಲ್ಲ. ಅತ್ತೆ ಸೂಲಗಿತ್ತಿ, ಸೊಸೆ ಆಶಾ ಎಂಬ ಮನೆಗಳು ಹೀಗೆ ಹುಟ್ಟಿದವು.

ಲಾಭವನ್ನು ಅಲ್ಲಗಳೆಯುವುದು ದ್ರೋಹ. ಕರ್ನಾಟಕದಲ್ಲಿ 2005–06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು, 2019–21ರ ಹೊತ್ತಿಗೆ 97. ಲಕ್ಷ ಜೀವಂತ ಜನನಗಳಿಗೆ ಸಾಯುವ ತಾಯಂದಿರು 2001–03ರಲ್ಲಿ 228, 2018–20ರಲ್ಲಿ 69. ಅಂಕಿಗಳ ಹಿಂದೆ ಬದುಕಿರುವ ಹೆಂಗಸರಿದ್ದಾರೆ. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರು ಹಳೆಯ ಮನೆಗಳಲ್ಲಿ ‘ಮೊದಲನೇ ಹೆಂಡತಿ ಹೆರಿಗೆಯಲ್ಲಿ ಹೋದಳು’ ಎಂಬ ಮಾತು ಎಷ್ಟು ಸಲ ಬರುತ್ತದೆಂದು ಎಣಿಸಲಿ.

ಆಸ್ಪತ್ರೆ ತಲುಪಲಾಗದವಳ ಪಾಲು ಏನು ಎಂಬುದು ಕಷ್ಟದ ಪ್ರಶ್ನೆ. ಅದಕ್ಕೆ ಒಂದು ಒಳ್ಳೆಯ ಉತ್ತರ ಬಂದದ್ದು ಬೆಳಗಾವಿಯಿಂದ. ಆಕ್ಸಿಟೋಸಿನ್‌ಗೆ ತಂಪು ಬೇಕು, ಸೂಜಿ ಬೇಕು. ಹಳ್ಳಿಯಲ್ಲಿ ಎರಡೂ ಕಷ್ಟ. ಅದೇ ಕೆಲಸ ಮಾಡುವ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಎರಡೂ ಬೇಡ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಜಿಲ್ಲೆಯ ಹಳ್ಳಿಗಳ 1,620 ಹೆಂಗಸರಲ್ಲಿ ಇದನ್ನು ಪರೀಕ್ಷಿಸಿದರು. ಗುಳಿಗೆ ಕೊಟ್ಟವರು ಡಾಕ್ಟರುಗಳಲ್ಲ, ಊರಿನವರು ‘ನರ್ಸಮ್ಮ’ ಎಂದು ಕರೆಯುವ ಆರೋಗ್ಯ ಸಹಾಯಕಿಯರು. ಹೆರಿಗೆ ನಡೆದದ್ದು ಮನೆಯಲ್ಲಿ, ಉಪಕೇಂದ್ರದಲ್ಲಿ. ಹೆರಿಗೆಯ ನಂತರದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಕೆಲಸ ಲೋಕದ ಗಮನ ಸೆಳೆಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿ ಬಳಸಿದ ಒಂದು ಸಾಮಾನು: ಹೆರುವವಳ ಅಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಅಳತೆಯ ಗೆರೆ ಹಾಕಿದ ಚೀಲ. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಹೆಚ್ಚಾಗಿ ಕಡಿಮೆಯೇ ಆಗುತ್ತದೆ, ಅನುಭವಸ್ಥ ಡಾಕ್ಟರದಾದರೂ ಅಷ್ಟೇ. ಆ ಹಾಳೆ ಬರುವ ಮೊದಲು ನಮ್ಮ ಹಳ್ಳಿಗಳಲ್ಲಿ ರಕ್ತದ ಅಳತೆ ಸೀರೆ. ಎಷ್ಟು ಸೀರೆ ನೆನೆಯಿತು ಎಂಬುದು ಲೆಕ್ಕ.

ಇನ್ನು ಕೆಲವನ್ನು ಆಸ್ಪತ್ರೆ ಸೂಲಗಿತ್ತಿಯಿಂದ ಕಿತ್ತುಕೊಂಡು, ಕಳೆದುಹಾಕಿ, ಈಗ ಹುಡುಕುತ್ತಿದೆ. ಕುಕ್ಕರುಗಾಲಲ್ಲಿ ಕೂತೋ, ಹಗ್ಗ ಹಿಡಿದು ಮಂಡಿಯೂರಿಯೋ ಹೆರುತ್ತಿದ್ದವರನ್ನು ಮೇಜಿನ ಮೇಲೆ ಅಂಗಾತ ಮಲಗಿಸಲಾಯಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೆರುವ ಭಂಗಿ ಅವಳ ಇಷ್ಟಕ್ಕೆ ಬಿಟ್ಟದ್ದು, ಕೂತು ನಿಂತು ಹೆರುವುದೂ ಸರಿ ಎಂದಿತು. ಬೇನೆಯ ಹೊತ್ತಿನಲ್ಲಿ ಪಕ್ಕದಲ್ಲಿ ತನ್ನವರೊಬ್ಬರು ಇರಬೇಕೆಂಬುದೂ ಈಗ ಶಿಫಾರಸು. ಅದೇ ಸಂಸ್ಥೆಯ ಪ್ರಕಾರ ಹೆರಿಗೆಯ ವೇಗಕ್ಕೆ ಒಂದೇ ಅಳತೆಗೋಲು ಹಿಡಿದು ಅವಸರಿಸಬಾರದು. ಕರ್ನಾಟಕದಲ್ಲಿ ಮೂರರಲ್ಲಿ ಸುಮಾರು ಒಂದು ಹೆರಿಗೆ ಸಿಸೇರಿಯನ್. ಕಾಯುವುದು ಕೌಶಲಗಳ ಪಟ್ಟಿಯಿಂದ ಬಿದ್ದುಹೋದ ಲಕ್ಷಣ ಇದು. ಕಾಯುವುದಕ್ಕೆ ಅಂಕವಿಲ್ಲ, ಬಿಲ್ಲಿನಲ್ಲಿ ಸಾಲೂ ಇಲ್ಲ. 2018ರ ಕೊನೆಗೆ ಕೇಂದ್ರ ಸರ್ಕಾರ ನರ್ಸುಗಳಿಗೆ 18 ತಿಂಗಳ ವಿಶೇಷ ಮಿಡ್‌ವೈಫರಿ ತರಬೇತಿ ಕೊಡುವ ಮಾರ್ಗಸೂಚಿ ತಂದಿತು. ಸೂಲಗಿತ್ತಿಯ ಕೆಲಸವನ್ನು ಹೊಸ ಹೆಸರಿನಲ್ಲಿ ಮತ್ತೆ ಕಟ್ಟುವ ಪ್ರಯತ್ನ. ಹೆಸರು ಮಾತ್ರ ಕನ್ನಡದಲ್ಲಿ ಇನ್ನೂ ಕೂತಿಲ್ಲ. ಕಡತಗಳಲ್ಲಿ ಇಂಗ್ಲಿಷೇ ಓಡಾಡುತ್ತಿದೆ. ಸಿದ್ಧವಾಗಿರುವ ಪದವನ್ನು ಏಕೆ ಮುಟ್ಟಬಾರದು? ಜಾತಿಯ ನೆನಪು ಅಂಟಿದೆ ಎಂದೇ? ‘ಮಡಿಲು ತುಂಬುವ’ ಹಳೆಯ ಶಾಸ್ತ್ರದಿಂದ ಪದ ಎತ್ತಿಕೊಂಡು ಬಾಣಂತಿಗೆ ‘ಮಡಿಲು’ ಕಿಟ್ ಕೊಟ್ಟ ಸರ್ಕಾರಕ್ಕೆ ಇಷ್ಟು ಸಂಕೋಚ ಬೇಡ ಎನಿಸುತ್ತದೆ.

ಯಾರಿಗೆ ಕಲಿಸಬೇಕು ಎಂಬುದನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ ಬೇರೆ ರೀತಿ ಯೋಚಿಸಿದರು. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಪೇಟೆಯಿಂದ ನರ್ಸನ್ನು ಬೆಟ್ಟ ಹತ್ತಿಸಿ ಇರಿಸಿಕೊಳ್ಳುವುದು ಕಷ್ಟ. ಬಂದವರು ವರ್ಗಾವಣೆಯ ದಾರಿ ನೋಡುತ್ತಾರೆ. ಅದರ ಬದಲು ಸೋಲಿಗರ ಹುಡುಗಿಯರನ್ನೇ ಓದಿಸಿ ಆರೋಗ್ಯ ಸಹಾಯಕಿಯರನ್ನಾಗಿ ಮಾಡುವ ದಾರಿ ಹಿಡಿದರು. ಅವರಿಗೆ ಹಾಡಿಯ ಭಾಷೆ ಗೊತ್ತು, ಆನೆಯ ದಾರಿ ಗೊತ್ತು, ಯಾವ ಅಜ್ಜಿ ಒಪ್ಪಿದರೆ ಬಸುರಿ ಆಸ್ಪತ್ರೆಗೆ ಹೊರಡುತ್ತಾಳೆಂಬುದೂ ಗೊತ್ತು. ಹೊಸ್ತಿಲ ಆಚೆಯವರಿಗೆ ಓದು, ಪದವಿ, ಸಂಬಳ ಮೂರೂ ಕೊಟ್ಟು ಅದೇ ಕೆಲಸಕ್ಕೆ ಕರೆಯುವುದು ಇದು. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅಲ್ಲಿನ ವೈದ್ಯಕೀಯ ಸೀಟುಗಳಲ್ಲಿ ಪಾಲು ಇಟ್ಟದ್ದರ ಹಿಂದೆಯೂ ಇದೇ ಆಸೆ ಇದೆ. ಕಡ್ಡಾಯ ಗ್ರಾಮೀಣ ಸೇವೆಯ 2012ರ ಕಾಯ್ದೆಯ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಬಾಂಡ್ ಬರೆಸಿಕೊಂಡು ಒಂದು ವರ್ಷ ಇರಿಸಬಹುದು. ಊರಿನ ಬಾಗಿಲು ತೆರೆಯುವುದು ಬಾಂಡಿಗಲ್ಲ.

ಸೂಲಗಿತ್ತಿ ಎಂಬ ಪದ ಕೊನೆಯ ಬಾರಿ ದೇಶಕ್ಕೆಲ್ಲ ಕೇಳಿಸಿದ್ದು 2018ರಲ್ಲಿ, ಪಾವಗಡ ತಾಲ್ಲೂಕು ಕೃಷ್ಣಾಪುರದ ನರಸಮ್ಮನವರಿಗೆ ಪದ್ಮಶ್ರೀ ಬಂದಾಗ. ಶಾಲೆ ಕಾಣದ ಅವರು ಅಜ್ಜಿಯಿಂದ ಕಸುಬು ಕಲಿತವರು, ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆ ಕಲಿತವರು. ಕಾಸು ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಪತ್ರಿಕೆಗಳು ಬರೆದವು. ಅದಕ್ಕೆ ಮೊದಲೇ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಹೆರಿಗೆ ಮಾಡಿಸುವವರನ್ನು ಡಾಕ್ಟರ್ ಎಂದು ಕರೆಯುವ ಕಾಲದಲ್ಲಿ ಸೂಲಗಿತ್ತಿಯೂ ಡಾಕ್ಟರ್ ಆದಳು, ಬೇರೆ ಬಾಗಿಲಿನಿಂದ. ಅದೇ ವರ್ಷ ಡಿಸೆಂಬರ್ 25ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರಿನ ಹಿಂದೆ ‘ಸೂಲಗಿತ್ತಿ’ ಮನೆತನದ ಹೆಸರಿನ ಹಾಗೆ ಅಂಟಿಕೊಂಡಿದೆ. ಕಸುಬಿನ ಪದ ಬಿರುದಾಯಿತು ಎಂದರೆ ಕಸುಬು ಮುಗಿಯುತ್ತಿದೆ ಎಂದರ್ಥ. ಬದುಕಿರುವ ಕಸುಬಿನವರನ್ನು ನಾವು ಬಿರುದಿನಿಂದ ಕರೆಯುವುದಿಲ್ಲ. ಇನ್ನೊಂದು ಆಕಸ್ಮಿಕ ನನ್ನನ್ನು ಬಿಡುತ್ತಿಲ್ಲ. ಅವರು ನರಸಮ್ಮ, ಉಪಕೇಂದ್ರದವಳು ನರ್ಸಮ್ಮ. ನಡುವೆ ಒಂದು ‘ಅ’ಕಾರ. ಹಳ್ಳಿಯ ಬಾಯಲ್ಲಿ ಅದೂ ಉಳಿಯುವುದಿಲ್ಲ.

ಈಗ ಎಂಬಿಬಿಎಸ್ ಸೇರಿದ ಮಕ್ಕಳಿಗೆ ಆರಂಭದಲ್ಲಿ ಅಡಿಪಾಯದ ಕೋರ್ಸು; ಅದರಲ್ಲಿ ಸ್ಥಳೀಯ ಭಾಷೆಯೂ ಸೇರಿದೆ. ಹೊರನಾಡಿನ ಹುಡುಗರು ‘ಎಲ್ಲಿ ನೋವು? ಎಷ್ಟು ದಿನದಿಂದ?’ ಕಲಿಯುತ್ತಾರೆ. ಕಲಿಯಲೇಬೇಕು. ಆದರೆ ಕನ್ನಡದ ಮಕ್ಕಳಿಗೂ ಕನ್ನಡ ಕಲಿಸಬೇಕಾದ ಕಾಲ ಇದು. ‘ಬಿಳಿಸೆರಗು’ ಎಂದರೆ ಸೀರೆಯ ಸೆರಗಲ್ಲ ಎಂಬುದು, ‘ಮುಟ್ಟು ನಿಂತಿದೆ’ ಎಂಬುದರ ಹಿಂದಿನ ಸಂತೋಷವೋ ಭಯವೋ, ‘ಬ್ಯಾನಿ’ ಎಂದರೆ ಉತ್ತರ ಕರ್ನಾಟಕದಲ್ಲಿ ಹೆರಿಗೆ ನೋವೂ ಆಗಬಹುದು ಎಂಬುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದವರಿಗೆ ಎಲ್ಲಿಂದ ಗೊತ್ತಾಗಬೇಕು? 2021–22ರ ಸಾಲಿನಿಂದ ಪ್ರತಿ ವಿದ್ಯಾರ್ಥಿ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಳ್ಳುವ ಕಾರ್ಯಕ್ರಮವೂ ಬಂದಿದೆ. ಒಳ್ಳೆಯದೇ, ವರ್ಷಗಟ್ಟಲೆ ಒಂದೇ ಮನೆಗೆ ಹೋಗಿಬರುವವನು ಪಡಿತರ ಚೀಟಿ, ದೂರದ ನಲ್ಲಿ, ಕೂಲಿ ತಪ್ಪುವ ದಿನ ಎಲ್ಲವನ್ನೂ ಕಾಣುತ್ತಾನೆ, ರಕ್ತಹೀನತೆ ಗುಳಿಗೆಯಿಂದಷ್ಟೇ ಹೋಗುವುದಿಲ್ಲವೆಂದು ತಿಳಿಯುತ್ತಾನೆ. ಪದ ಮಾತ್ರ ಎಡವಟ್ಟು. ಹತ್ತೊಂಬತ್ತರ ಹುಡುಗ ಎಪ್ಪತ್ತರ ಅಜ್ಜಿಯನ್ನು ದತ್ತು ತೆಗೆದುಕೊಳ್ಳುವುದು ಯಾವ ಧರ್ಮಶಾಸ್ತ್ರದಲ್ಲಿದೆ? ದತ್ತು ಹೋಗಬೇಕಾದವನು ಅವನು.

ಹೋದ ವರ್ಷ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ನಾನು ಬೇರೆ ಕೆಲಸಕ್ಕೆ ಕೂತಿದ್ದೆ. ಬೆಳಗಿನ ಜಾವ ಒಬ್ಬ ಬಸುರಿಯನ್ನು ಒಳಗೆ ಕರೆದುಕೊಂಡು ಹೋದರು. ಜೊತೆಗೆ ಬಂದ ಮುದುಕಿ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿತು. ತಾಯಿ ಕಾರ್ಡು ಹಿಡಿದು ಹೌಸ್ ಸರ್ಜನ್ ಹುಡುಗಿಯೊಬ್ಬಳು ಹೊರಗೆ ಬಂದಳು, ಕತ್ತಿನಲ್ಲಿ ಸ್ಟೆತ್, ಕಣ್ಣಲ್ಲಿ ರಾತ್ರಿಪಾಳಿಯ ನಿದ್ದೆ.

‘ಅಜ್ಜಿ, ಇದು ಎಷ್ಟನೇದು?’

‘ಮೂರ್ನೇ ಸೂಲು ಕಣವ್ವ.’

‘ಏನು?’

‘ಸೂಲು, ಸೂಲು. ಮೂರ್ನೇದು. ಮೊದಲ್ನೇದು ಇಲ್ಲೇ ಆಯ್ತು. ಎರಡ್ನೇದು ಮನೇಲೆ. ಗಾಡಿ ಬರೋ ಹೊತ್ಗೆ ಆಗೋಗಿತ್ತು. ನಾನೇ ಮಾಡಿದ್ದು.’

ಹುಡುಗಿ ಕಾರ್ಡಿನಲ್ಲಿ ಏನೋ ಗೀಚಿ ಹೊರಟಳು. ಬಾಗಿಲ ಬಳಿ ನಿಂತಳು. ತಿರುಗಿ ಬಂದು ಮುದುಕಿಯ ಎದುರು ತಾನೂ ಕುಕ್ಕರುಗಾಲಲ್ಲಿ ಕೂತಳು.

‘ಅವತ್ತು ರಕ್ತ ಜಾಸ್ತಿ ಹೋಗಿತ್ತಾ ಅಜ್ಜಿ?’

‘ಹೋಯ್ತು. ಮಾಸು ಬೀಳೋದು ತಡವಾಯ್ತು. ಹೊಟ್ಟೆ ನೀವ್ದೆ, ಮಗೀನ ಮೊಲೆಗೆ ಕಚ್ಚಿಸ್ದೆ. ಹಳೇ ಸೀರೆ ಎರಡು ನೆಂದ್ವು. ಮೂರ್ನೇದ್ಕೆ ಕೈ ಹಾಕೋ ಹೊತ್ಗೆ ನಿಲ್ತು.’

ಹುಡುಗಿ ಜೇಬಿನಿಂದ ಕೆಂಪು ಪೆನ್ನು ತೆಗೆದು ಕಾರ್ಡಿನ ಮೇಲ್ತುದಿಯಲ್ಲಿ ಬರೆದಳು. ಒಳಗೆ ಕೂಗಿ, ಡ್ರಿಪ್ ಹಾಕಿ, ರಕ್ತದ ಗುಂಪು ನೋಡಿ ಎರಡು ಬಾಟಲಿ ಹೊಂದಿಸಿಡಿ ಎಂದಳು. ಏಳಲಿಲ್ಲ. ಪೆನ್ನು ಕಾರ್ಡಿನ ಮೇಲೆಯೇ ಇತ್ತು.

‘ಸೀರೆ ಅಂದ್ರೆ ಎಷ್ಟು ಮೊಳದ್ದು, ಅಜ್ಜಿ?’